ಎಡಗಡೆ ಇಟ್ಟ ರೈಲು

ಗುಮಾಸ್ತ ಆ ದಿನ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಮರದ ರೈಲಿನ ಪೆಟ್ಟಿಗೆಯನ್ನು ಮೇಜಿನ ಬಲಗಡೆ ಇಡುವ ಬದಲು ಎಡಗಡೆ ಇಟ್ಟು ಕೈ ತೊಳೆಯಲು ಹೋದ.

ಬೇರೆ ಯಾವ ಕಚೇರಿಯಲ್ಲಾದರೂ ಇದು ತಪ್ಪೇ ಅಲ್ಲ. ಆದರೆ ಅದು ಆಟಿಕೆಗಳನ್ನು ಪರೀಕ್ಷೆ ಮಾಡುವ ಕಚೇರಿ. ಚಿಕ್ಕ ಮಕ್ಕಳ ಕೈಗೆ ಹೋಗುವ ಬೊಂಬೆ, ಬುಗುರಿ, ಗಿಲಕಿಗಳೆಲ್ಲ ಮೊದಲು ಅಲ್ಲಿಗೆ ಬಂದು, ಬಿದ್ದು, ನೆನೆದು, ಜಗ್ಗಿಸಿಕೊಂಡು, ಬದುಕಿ ಉಳಿದರೆ ಅಂಗಡಿಗೆ ಹೋಗುತ್ತಿದ್ದವು. ಮೇಜಿನ ಎಡಗಡೆ ಇದ್ದದ್ದು ಪರೀಕ್ಷೆಗೆ. ಬಲಗಡೆ ಇದ್ದದ್ದು ಗುಮಾಸ್ತನ ಸ್ವಂತದ್ದು. ಈ ನಿಯಮ ಮಾಡಿದವನೂ ಅವನೇ, ಯಾರೋ ಅವನ ಊಟದ ಡಬ್ಬಿಯನ್ನು ನೀರಲ್ಲಿ ನೆನೆಹಾಕಿದ ಮೇಲೆ.

ರೈಲು ಅಕ್ಕನ ಮಗಳಿಗೆ. ಅವಳಿಗೆ ಅಂದು ಮೂರು ತುಂಬುತ್ತಿತ್ತು. ಸಂಜೆ ಐದಕ್ಕೆ ಮನೆ ತುಂಬ ನೆಂಟರು. ಮೊದಲ ಹುಟ್ಟುಹಬ್ಬದಲ್ಲಿ ಮಗು ಅವನನ್ನು ನೋಡಿ ಕಿಟಾರನೆ ಕಿರುಚಿತ್ತು. "ಮೀಸೆಗೆ ಹೆದರುತ್ತೆ ಕಣೋ," ಎಂದಿದ್ದಳು ಅಕ್ಕ. ಎರಡನೆಯದಕ್ಕೆ ಮೀಸೆ ಬೋಳಿಸಿಕೊಂಡು ಹೋದ. ಆ ಮುಖ ನೋಡಿ ಮಗು ಬಾಗಿಲ ಹಿಂದೆ ಸೇರಿದ್ದು, ಅವನು ಬೀದಿಯ ತಿರುವು ದಾಟುವವರೆಗೂ ಹೊರಗೆ ಬರಲಿಲ್ಲ. ತರಕಾರಿಯವನನ್ನೂ 'ಮಾಮ' ಎಂದು ಕೂಗುವ ಹುಡುಗಿ ಸ್ವಂತ ಮಾಮನನ್ನು ಮಾತ್ರ ಏನೂ ಎನ್ನುತ್ತಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ ಅವಳ ಬಾಯಲ್ಲಿ 'ಮಾಮ' ಅನ್ನಿಸಿಕೊಳ್ಳಬೇಕು ಎಂದು ಅವನು ಹತ್ತು ಅಂಗಡಿ ಹತ್ತಿಳಿದು ಈ ರೈಲು ತಂದಿದ್ದ. ಕೆಂಪು ಎಂಜಿನ್, ಹಿಂದೆ ನಾಲ್ಕು ಬೋಗಿ. ಮುಟ್ಟಿದರೆ ಬೆಣ್ಣೆಯ ನುಣುಪು.

ಕೈ ಒರೆಸಿಕೊಂಡು ಬಂದರೆ ಮೇಜು ಖಾಲಿ.

"ಇಲ್ಲಿದ್ದ ಪೆಟ್ಟಿಗೆ ಎಲ್ಲಿ?"

"ನಂಬರು ಅಂಟಿಸಿ ಒಳಗೆ ಕಳಿಸ್ದೆ," ಎಂದಳು ಚೀಟಿ ಅಂಟಿಸುವವಳು. ಕಚೇರಿಯಲ್ಲಿ ಎಲ್ಲರಿಗೂ ಅವಳು ಅಂಟಕ್ಕ.

"ಅಯ್ಯೋ ಅಂಟಕ್ಕಾ, ಅದು ನಂದು!"

"ಎಡಗಡೆ ಇತ್ತಪ್ಪ. ಎಡಗಡೆ ಇದ್ರೆ ನಿಂದಲ್ಲ. ನೀನೇ ಬರೆದು ಗೋಡೆಗೆ ಹಚ್ಚಿದ್ದೀಯ, ಓದ್ಕೋ."

ಗುಮಾಸ್ತ ಒಳಗೆ ಓಡಿದ. ಬೀಳಿಸುವ ಕೋಣೆಯಲ್ಲಿ ಬೀಳ್ಸಪ್ಪ ಎಂಜಿನ್ನನ್ನು ಎದೆಯೆತ್ತರಕ್ಕೆ ಹಿಡಿದು ನಿಂತಿದ್ದ. ಇಪ್ಪತ್ತು ವರ್ಷದಿಂದ ಸಾಮಾನು ಬೀಳಿಸುವುದೇ ಉದ್ಯೋಗವಾಗಿದ್ದ ಆ ದಢೂತಿ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ.

"ಬೇಡ, ಬೇಡ! ಅದು..."

ಧಡ್!

"ಏನಂದ್ರಿ?"

"ನಮ್ಮಕ್ಕನ ಮಗಳಿಗೆ ತಂದಿದ್ದು ಕಣ್ರೀ! ಸಂಜೆ ಕೊಡ್ಬೇಕು."

ಬೀಳ್ಸಪ್ಪನ ಮುಖ ಮೆತ್ತಗಾಯಿತು. "ಮೊದ್ಲೇ ಹೇಳ್ಬಾರ್ದಾ! ಯಾರದ್ದೋ ಮಗು ಅಂತ ಐದೇ ಸಲ ಬೀಳ್ಸೋಣ ಅಂತಿದ್ದೆ. ನಮ್ಮ ಮಗು ಅಂದ್ಮೇಲೆ ಹತ್ತು ಸಲ ಆಗ್ಲಿ."

ಬಾಯಿ ಬಿಡಬಾರದಿತ್ತು ಎಂದು ಗುಮಾಸ್ತನಿಗೆ ತಿಳಿಯುವಷ್ಟರಲ್ಲಿ ಸುದ್ದಿ ಕಚೇರಿಯೆಲ್ಲ ಹಬ್ಬಿತ್ತು. ಪಕ್ಕದ ಕೋಣೆಯಲ್ಲಿ ಎರಡು ಬೋಗಿಗಳು ಕೃತಕ ಜೊಲ್ಲಿನ ತಟ್ಟೆಯಲ್ಲಿ ಎಮ್ಮೆಗಳ ಹಾಗೆ ಮಲಗಿದ್ದವು. "ಬಣ್ಣ ಬಿಟ್ಟು ಮಗು ಹೊಟ್ಟೆಗೆ ಹೋದ್ರೆ ಗತಿಯೇನು? ಇನ್ನೊಂದು ಗಂಟೆ ನೆನೀಲಿ ಬಿಡಿ," ಎಂದಳು ಅಲ್ಲಿಯವಳು, ತುಂಬ ಪ್ರೀತಿಯಿಂದ. ಮೂರನೆಯ ಬೋಗಿಯ ಗಾಲಿಗೆ ಒಂಬತ್ತು ಕಿಲೋ ತೂಕ ಕಟ್ಟಿ ನೇತುಹಾಕಿದ್ದರು. ನಾಲ್ಕನೆಯದನ್ನು ಮಗುವಿನ ಗಂಟಲಿನ ಅಳತೆಯ ಕೊಳವೆಗೆ ತುರುಕಲು ಇಬ್ಬರು ಬೆವರುತ್ತಿದ್ದರು.

"ಅದು ಹೋಗಲ್ಲ ಕಣ್ರೀ! ನನ್ನ ಮುಷ್ಟಿಯಷ್ಟಿದೆ!"

"ಹೋಗಲ್ಲ ಅಂತ ನಮಗೂ ಗೊತ್ತು. ಆದ್ರೂ ನಿಮ್ಮ ಮನೆ ಮಗು ಅಲ್ವಾ? ಒಂದು ಕೈ ನೋಡೇಬಿಡೋಣ."

ಗುಮಾಸ್ತ ಮೇಲಧಿಕಾರಿ ಮೇಡಂ ಹತ್ತಿರ ಓಡಿದ.

"ನಂಬರು ಬಿದ್ಮೇಲೆ, ವರದಿ ಇಲ್ದೆ ಒಂದು ಗಾಲಿನೂ ಬಾಗಿಲು ದಾಟಲ್ಲ," ಎಂದರು ಅವರು, ಕಾಗದದಿಂದ ತಲೆಯೆತ್ತದೆ.

"ವರದಿ ಯಾವಾಗ ಬರುತ್ತೆ ಮೇಡಂ?"

"ನಾಳಿದ್ದು."

"ಮಗುಗೆ ಇವತ್ತೇ ಮೂರು ತುಂಬುತ್ತೆ ಮೇಡಂ. ನಾಳಿದ್ದು ತಗೊಂಡು ಹೋದ್ರೆ ನಮ್ಮಕ್ಕ ನನ್ನನ್ನೇ ನೆನೆಹಾಕ್ತಾಳೆ."

ಮೇಡಂ ಕನ್ನಡಕ ತೆಗೆದರು. "ಹಾಗಾದ್ರೆ ನಾನೇ ಪಕ್ಕದಲ್ಲಿ ನಿಂತು ಮಾಡಿಸ್ತೀನಿ, ನಡೀರಿ."

ಅವರು ಪಕ್ಕದಲ್ಲಿ ನಿಂತ ಮೇಲೆ ಹತ್ತು ಸಲ ಇದ್ದದ್ದು ಇಪ್ಪತ್ತಾಯಿತು.

ನಾಲ್ಕೂವರೆಗೆ ವರದಿ ಬಂತು: ಉತ್ತೀರ್ಣ. ಇಷ್ಟು ಗಟ್ಟಿ ಆಟಿಕೆ ಈ ಬಾಗಿಲೊಳಗೆ ಬಂದೇ ಇರಲಿಲ್ಲ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಲೆಗಳು ಜಜ್ಜಿ, ಹೊಳಪು ಮಾಸಿ, ಹೊಟ್ಟೆಯ ಮೇಲೆ ನೀಲಿ ಮುದ್ರೆ ಬಿದ್ದು, ರೈಲು ಎರಡು ಯುದ್ಧ ನೋಡಿ ನಿವೃತ್ತಿಯಾದಂತೆ ಕಾಣುತ್ತಿತ್ತು.

"ಮುಖ ಸಪ್ಪೆ ಮಾಡ್ಕೋಬೇಡಿ. ನಾನೂ ಬರ್ತೀನಿ, ನಿಮ್ಮಕ್ಕನಿಗೆ ನಾನೇ ತಿಳಿಸಿ ಹೇಳ್ತೀನಿ," ಎಂದು ಬೀಳ್ಸಪ್ಪ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡ.

ಅಕ್ಕ ಪೆಟ್ಟಿಗೆ ಬಿಚ್ಚಿದಳು. ನೆಂಟರೆಲ್ಲ ಬಗ್ಗಿ ನೋಡಿದರು. ಗುಮಾಸ್ತನ ಮುಖ ಕಂಡೊಡನೆ ಮಗು ಕಿಟಕಿಯ ಪರದೆಯ ಹಿಂದೆ ಸೇರಿಯಾಗಿತ್ತು.

"ಏನೋ ಇದು? ಇರೋನೊಬ್ಬ ಮಾಮ, ಯಾರೋ ಆಡಿ ಬಿಟ್ಟಿದ್ದನ್ನ ತಂದ್ಯಲ್ಲೋ!"

ಗುಮಾಸ್ತನ ಕಿವಿ ಎಂಜಿನ್ನಿಗಿಂತ ಕೆಂಪಾಯಿತು.

"ಹಳೇದಲ್ಲಮ್ಮಾ, ಗಟ್ಟಿ ಮಾಲು! ಬೇಕಾದ್ರೆ ನೋಡಿ," ಎಂದು ಬೀಳ್ಸಪ್ಪ ಎಂಜಿನ್ ಎತ್ತಿ ಹಿಡಿದು ಕೈ ಬಿಟ್ಟ.

ಧಡ್! ನೆಂಟರೆಲ್ಲ ಹಿಂದಕ್ಕೆ ಜಿಗಿದರು.

ಪರದೆಯ ಹಿಂದಿನಿಂದ ಕಿಲಕಿಲ ನಗು ಕೇಳಿತು. ಆಮೇಲೆ ಒಂದು ಪುಟ್ಟ ತಲೆ ಕಂಡಿತು. "ಇನ್ನೊಂದ್ಸಲ!"

ಧಡ್! ಮಗು ಓಡಿ ಬಂತು. 'ಬೀಳಿಸಬೇಡ, ಬೀಳಿಸಬೇಡ' ಎಂಬುದನ್ನೇ ಹುಟ್ಟಿದಾಗಿನಿಂದ ಕೇಳಿದ್ದ ಜೀವ ಅದು. ಬೀಳಿಸುವುದನ್ನೇ ಕೆಲಸ ಮಾಡಿಕೊಂಡ ದೊಡ್ಡವರೂ ಇರುತ್ತಾರೆಂದು ಅದಕ್ಕೆ ಅಂದೇ ಗೊತ್ತಾದದ್ದು.

ಮೂರನೆಯ ಸಲ ಎಂಜಿನ್ ಉರುಳಿ ಸೋಫಾದ ಕೆಳಗೆ ಹೋಯಿತು. ಮಗು ಗುಮಾಸ್ತನ ಕಡೆ ತಿರುಗಿತು. ಅಳಲಿಲ್ಲ.

"ತಗೊಂಡ್ಬಾ," ಎಂದಿತು.

ಮೂರು ವರ್ಷದಲ್ಲಿ ಅವನೊಡನೆ ಆಡಿದ ಮೊದಲ ಮಾತು! ಗುಮಾಸ್ತ ಹೊಸ ಪ್ಯಾಂಟಿನ ಗೊಡವೆ ಬಿಟ್ಟು ಸೋಫಾದ ಕೆಳಗೆ ನುಗ್ಗಿದ. ತಡಕಾಡುತ್ತಿರುವಾಗ ಮೇಲಿನಿಂದ, ಜೇನು ಸುರಿದ ಹಾಗೆ, ಕೇಳಿಸಿತು.

"ಮಾಮಾ!"

ಅವನ ಎದೆ ಉಬ್ಬಿತು. ತಲೆ ಸೋಫಾದ ಹಲಗೆಗೆ ಬಡಿಯಿತು. "ಬಂದೆ ಪುಟ್ಟೀ, ಬಂದೆ!" ಎಂದು ಧೂಳು ಮೆತ್ತಿದ ಮುಖ ಹೊರಗೆ ಚಾಚಿದ.

ಬೀಳ್ಸಪ್ಪನ ತೋಳಿನಲ್ಲಿ ಕೂತು ಅವನ ಕತ್ತು ತಬ್ಬಿಕೊಂಡಿದ್ದ ಮಗು ಕೆಳಗೆ ನೋಡಿತು.

"ನೀನಲ್ಲ," ಎಂದಿತು. "ನೀನು ರೈಲು ಕೊಡು."