ಮಗಳ ಆಲೂಗಡ್ಡೆ, ಊರವರ ಬುದ್ಧಿವಾದ

ನನ್ನ ಮಗಳ ತಟ್ಟೆಯೊಳಗೆ ಇಣುಕದವರು ನೀಲಗಿರಿಯಲ್ಲಿ ಇನ್ನೂ ಹುಟ್ಟಬೇಕು. ಅರವತ್ತರ ದಶಕದಲ್ಲಿ ನನ್ನ ಗಂಡನಿಗೆ ಎಮರಾಲ್ಡ್ ಅಣೆಕಟ್ಟಿನ ಹತ್ತಿರ ಕರೆಂಟ್ ಇಲಾಖೆಯಲ್ಲಿ ಕೆಲಸ, ನಮ್ಮ ವಾಸ ಅಲ್ಲೇ ಕ್ವಾರ್ಟರ್ಸಿನಲ್ಲಿ. ಮಗಳು ತಿನ್ನುತ್ತಿದ್ದುದು ಮೂರೇ: ಬೇಯಿಸಿದ ಆಲೂಗಡ್ಡೆ, ಬಿಳಿ ಅನ್ನ, ಊಟಿಯ ಬೇಕರಿಯ ವರ್ಕಿ ಅನ್ನುವ ಪದರು ಬಿಸ್ಕತ್ತು. ಒಂದಕ್ಕೊಂದು ತಾಗಬಾರದು, ಉಪ್ಪು ಬೀಳಬಾರದು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುವ ಗಾದೆಯನ್ನು ಅವಳು ಅರ್ಧ ಮಾತ್ರ ಒಪ್ಪಿದ್ದಳು. ಮಾತೂ ಕಡಿಮೆ. ಆಡಿದರೆ ಬೇರೆಯವರು ಆಡಿದ್ದನ್ನೇ, ಅವರದೇ ದನಿಯಲ್ಲಿ. ಈಗ ಇದನ್ನು ಆಟಿಸಂ ಅನ್ನುತ್ತಾರೆ. ಆಗ ಇದಕ್ಕಿದ್ದ ಹೆಸರು ಒಂದೇ, 'ತಾಯಿ ಕೊಟ್ಟ ಸದರ'. ಅದನ್ನು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಡಾಕ್ಟರ ಬುತ್ತಿ

ಊಟಿಯ ಡಾಕ್ಟರೊಬ್ಬರು ಮಗುವನ್ನು ಮುಟ್ಟಿಯೂ ನೋಡದೆ, ಎರಡು ದಿನ ಈ ಮೂರನ್ನೂ ಕೊಡಬೇಡಿ, ಹಸಿದರೆ ಹುಲ್ಲನ್ನಾದರೂ ತಿನ್ನುತ್ತಾಳೆ ಅಂದರು. ದೊಡ್ಡವರ ಮಾತು ಅಂತ ಹಾಗೇ ಮಾಡಿದೆವು. ಅವಳು ಹುಲ್ಲನ್ನೂ ತಿನ್ನಲಿಲ್ಲ, ಹಿಟ್ಟನ್ನೂ ತಿನ್ನಲಿಲ್ಲ. ಎರಡನೆಯ ದಿನ ತಲೆ ತಿರುಗಿ ನನ್ನ ಮಡಿಲಿಗೆ ಬಿದ್ದಳು. ಎತ್ತಿಕೊಂಡು ಬಸ್ಸು ಹತ್ತಿ ಹೋದೆ. ಡಾಕ್ಟರು ಊಟಕ್ಕೆ ಕೂತಿದ್ದರು. ಟಿಫಿನ್ ಕ್ಯಾರಿಯರಿನ ಮುಚ್ಚಳದಲ್ಲಿ ಬದನೆಕಾಯಿ ಹೋಳುಗಳನ್ನು ಒಂದೂ ಬಿಡದೆ ಆರಿಸಿಟ್ಟಿದ್ದರು.

"ಇದ್ಯಾಕೆ ಬಿಟ್ಟಿದೀರಿ?" ಅಂದೆ.

ಚಿಕ್ಕಂದಿನಿಂದಲೂ ಸೇರುವುದಿಲ್ಲ ಅಂದರು.

"ಹಾಗಾದ್ರೆ ಎರಡು ದಿನ ಉಪವಾಸ ಇರಿ, ಡಾಕ್ಟರೇ."

ಒಳಗೊಂದು ಕ್ಯಾರೆಟ್

ಪಕ್ಕದ ಕ್ವಾರ್ಟರ್ಸಿನ ಸೂಪರ್ವೈಸರ ಹೆಂಡತಿಗೆ ನನ್ನ ಮಗಳಿಗೆ ತರಕಾರಿ ತಿನ್ನಿಸಿದವಳು ಅನ್ನಿಸಿಕೊಳ್ಳುವ ಆಸೆ. ಒಂದು ದಿನ ನಾನು ನಲ್ಲಿಯ ಹತ್ತಿರ ಹೋಗಿದ್ದಾಗ ಆಲೂಗಡ್ಡೆಯನ್ನು ಕೊರೆದು, ಒಳಗೆ ಕ್ಯಾರೆಟ್ ತುರುಕಿ ಕೊಟ್ಟುಬಿಟ್ಟಳು. ಮಗಳು ಒಂದು ತುತ್ತು ತಿಂದು ಎಲ್ಲವನ್ನೂ ಕಕ್ಕಿದಳು. ಅಂದಿನಿಂದ ಆಲೂಗಡ್ಡೆಯೂ ಹೋಯಿತು. ಇದ್ದುದು ಮೂರು, ಅದರಲ್ಲಿ ಒಂದನ್ನು ಈ ಪುಣ್ಯಾತ್ಗಿತ್ತಿ ಕಸಿದುಕೊಂಡಳು. ಮಗುವಿನ ಪಕ್ಕೆಲುಬು ಕಾಣುತ್ತಿತ್ತು, ನಾನು ಒಲೆಯ ಮುಂದೆ ಕೂತು ಅಳುತ್ತಿದ್ದೆ. ಎಷ್ಟೋ ವಾರ ಕಳೆದ ಮೇಲೆ, ಒಂದೊಂದು ಗಡ್ಡೆಯನ್ನೂ ಅವಳ ಕಣ್ಣೆದುರೇ ಒಡೆದು ತೋರಿಸಿದ ಮೇಲೆ, ಮತ್ತೆ ಬಾಯಿಗಿಟ್ಟಳು.

ಆಕೆ ಮತ್ತೆ ಬಂದಳು, ಈ ಸಲ ಬೀಟ್‌ರೂಟ್ ಇಟ್ಟು ನೋಡೋಣವೇ ಅಂತ. ನಾನು ಕಾಫಿ ಮಾಡಿ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಹಿಂಡಿ, ಏನು ಹಾಕಿದೀರಿ ಅಂತ ಕೇಳಿದಳು.

"ಹಾಗಲಕಾಯಿ ರಸ. ಮೈಗೆ ಒಳ್ಳೆಯದು, ಕುಡೀರಿ."

ಆಲೂಗಡ್ಡೆಯನ್ನಾದರೆ ಒಡೆದು ನೋಡಬಹುದು. ಕಾಫಿಯನ್ನು ಒಡೆದು ನೋಡಲು ಬರುವುದಿಲ್ಲವಾದ್ದರಿಂದ ಆಕೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು.

ಕಂಚಿನ ತಟ್ಟೆ

ನನ್ನ ಗಂಡನ ಊರು ಹುಬ್ಬತಲೈಯಲ್ಲಿ ನನ್ನ ಮಾವನ ಅಣ್ಣ ಇದ್ದರು, ನಮಗೆಲ್ಲ ದೊಡ್ಡಪ್ಪ. ಊರಿನ ನ್ಯಾಯ ತೀರಿಸುವವರು. ಕೂಸನ್ನು ನನ್ನ ಮನೆಯಲ್ಲಿ ಬಿಡಿ, ಒಂದು ವರ್ಷದಲ್ಲಿ ಸರಿ ಮಾಡಿ ಕೊಡುತ್ತೇನೆ ಅಂತ ಹಟ ಹಿಡಿದಿದ್ದರು. ಅವರ ಮಾತಿಗೆ ಎದುರಾಡಿದವರಿಲ್ಲ. ನನ್ನ ಗಂಡನೂ ತಲೆ ತಗ್ಗಿಸಿಕೊಂಡು ಆಗಲಿ ಅಂದುಬಿಟ್ಟಿದ್ದರು. ಹೆತ್ತವಳನ್ನು ಕೇಳಿದವರು ಯಾರು?

ಅಷ್ಟರಲ್ಲಿ ಅದೇ ಊರಿನಲ್ಲಿ ಒಂದು ಮದುವೆ ಬಂತು. ದೊಡ್ಡ ಕಂಚಿನ ತಟ್ಟೆಯೊಂದರ ಸುತ್ತ ನಾಲ್ಕಾರು ಜನ ಕೂತು ಒಟ್ಟಿಗೆ ಉಣ್ಣುವುದು, ಎಲ್ಲರದೂ ಮುಗಿದ ಮೇಲೆ ಒಟ್ಟಿಗೆ ಏಳುವುದು ನಮ್ಮ ಹಿರಿಯರ ಪದ್ಧತಿ. ದೊಡ್ಡಪ್ಪ ಮಗಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ರಾಗಿಹಿಟ್ಟಿನ ಮುದ್ದೆ, ಅದಕ್ಕೆ ಅವರೆಕಾಳಿನ ಸಾರು.

"ತಿನ್ನದೆ ಏಳಬಾರದು," ಅಂದರು. ಅವಳು ತಿನ್ನುವ ತನಕ ನಾನೂ ಏಳುವುದಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಸಾರಿದರು.

ಮಗಳಿಗೆ ಬೇಜಾರೇನೂ ಆಗಲಿಲ್ಲ. ಸಾರಿನಿಂದ ಅವರೆಕಾಳು ಎತ್ತಿ ತಟ್ಟೆಯ ಅಂಚಿನ ಸುತ್ತ ಸಾಲಾಗಿ ಜೋಡಿಸತೊಡಗಿದಳು. ಸಾಲು ಮುಗಿದರೆ ಇನ್ನೊಂದು ಸಾಲು. ಜೊತೆಗೆ ಕೂತವರ ಕೈ ಒಣಗಿತು. ಮುಂದಿನ ಪಂಕ್ತಿಯವರು ಬಾಗಿಲಲ್ಲಿ ನಿಂತು ಕೆಮ್ಮಿದರು. ದೊಡ್ಡಪ್ಪ ಆಗಾಗ, ತಿನ್ನದೆ ಏಳಬಾರದು, ಅನ್ನುತ್ತಲೇ ಇದ್ದರು, ಆದರೆ ಬರಬರುತ್ತಾ ದನಿ ಸಣ್ಣದಾಗಿ, ಹಣೆ ಬೆವರಿತು. ಎಂಬತ್ತರ ಹತ್ತಿರದವರು, ಬೆಳಗಿನಿಂದ ಮದುವೆಮನೆಯ ಕಾಫಿ ಕುಡಿದಿದ್ದರು. ಹಿತ್ತಲಿಗೆ ಹೋಗಲೇಬೇಕಾಗಿತ್ತು.

ಕೊನೆಗೆ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿ ಮೆಲ್ಲಗೆ, "ತಾಯಿ, ನಿನ್ನ ಚೀಲದಲ್ಲಿ ಆಲೂಗಡ್ಡೆ ಇದೆಯಾ?" ಅಂದರು.

ಇತ್ತು. ಸಿಪ್ಪೆಯನ್ನು ಇಷ್ಟಿಷ್ಟೇ ಸುಲಿದೆ. ಅಷ್ಟು ನಿಧಾನವಾಗಿ ಜನ್ಮದಲ್ಲಿ ಸುಲಿದವಳಲ್ಲ. ಒಡೆದು ತೋರಿಸಿದೆ, ಮಗಳು ತಿಂದಳು. ದೊಡ್ಡಪ್ಪ ನೆಲಕ್ಕೆ ಕೈ ಊರಿ ಏಳಲು ಹೊರಟರು.

ಮಗಳು ಅವರ ಮುಂದೆ ಅರ್ಧ ಉಳಿದಿದ್ದ ಮುದ್ದೆಯನ್ನು ನೋಡಿದಳು. ಅವರದೇ ನ್ಯಾಯದ ಕಟ್ಟೆಯ ಆ ಗಡಸು ದನಿಯಲ್ಲೇ, ಅದೇ ಗತ್ತಿನಲ್ಲೇ ಹೇಳಿದಳು:

"ತಿನ್ನದೆ ಏಳಬಾರದು."

ಬಾಗಿಲಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ದೊಡ್ಡಪ್ಪ ಮತ್ತೆ ಕೂತು ಮುದ್ದೆಗೆ ಕೈ ಹಾಕಿದರು. ಮಗಳನ್ನು ಬಿಟ್ಟುಹೋಗಿ ಅನ್ನುವ ಮಾತನ್ನು ದೊಡ್ಡಪ್ಪ ಮತ್ತೆಂದೂ ಎತ್ತಲಿಲ್ಲ. ಆ ದಿನ ಎತ್ತುವ ಹಾಗೂ ಇರಲಿಲ್ಲ, ಬಾಯಿ ತುಂಬ ಹಿಟ್ಟಿತ್ತು.