ಹರಳೆಣ್ಣೆಯ ಮೇಲೆ ಐಸ್ ಹಾಕಿ

ಹೊಳೆನರಸೀಪುರದ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಪುಟ್ಟರಾಜುವಿನ ಆ ದಿನದ ಪಾಡಿಗೆಲ್ಲ ಕಾರಣವಾದದ್ದು ಒಂದು ‘ಹ’ಕಾರ. ಬಾಗೂರಿನಲ್ಲಿ ಹುಟ್ಟಿ ಬೆಳೆದವನ ನಾಲಿಗೆಗೆ ಅದು ತಾನಾಗಿ ಒಲಿದದ್ದಲ್ಲ. ಮೈಸೂರಿಗೆ ಡ್ರಿಲ್ ಟ್ರೈನಿಂಗಿಗೆ ಹೋಗಿದ್ದಾಗ ಹೆಣಗಿ ಕಲಿತದ್ದು. ಕಷ್ಟಪಟ್ಟು ಸಂಪಾದಿಸಿದ್ದನ್ನು ಊರಿಗೆಲ್ಲ ಹಂಚಬೇಕೆಂಬ ಧರ್ಮಬುದ್ಧಿ ಅವನಿಗಿತ್ತು.

ಕೆಲಸ ಮಾತ್ರ ಇನ್ನೂ ಟೆಂಪೊರರಿ. ಖಾಯಂ ಆಗುವವರೆಗೆ ಲಗ್ನದ ಮಾತೆತ್ತಬೇಡಿ ಎಂದು ಅರಕಲಗೂಡಿನ ಪ್ರೇಮಕುಮಾರಿಯ ತಂದೆ ಖಂಡತುಂಡವಾಗಿ ಹೇಳಿಬಿಟ್ಟಿದ್ದರು. ಖಾಯಂ ಮಾಡುವುದು ಬಿಡುವುದು ವ್ಯಾಯಾಮ ಶಿಕ್ಷಣದ ಇನ್ಸ್‌ಪೆಕ್ಟರ ಕೈಯಲ್ಲಿತ್ತು.

ಅವತ್ತು ಬೆಳಿಗ್ಗೆ ಜವಾನ ಚೆನ್ನಯ್ಯ ಹೆಡ್‌ಮಾಸ್ಟರ ಮಾತು ಹೊತ್ತು ತಂದ.

“ಇನ್ಸ್‌ಪೆಟ್ರು ಮಧ್ಯಾನ್ದ ಮ್ಯಾಲೆ ಬತ್ತಾರಂತೆ ಸಾ. ಬಂದೇಟ್ಗೆ ಐಸ್ ಆಕಿ…”

“ಆಕಿ ಅಲ್ಲ ಚೆನ್ನಯ್ಯ, ಹಾಕಿ. ಹೊಟ್ಟೆಯಿಂದ ಉಸಿರು ಬಿಡು.”

ಚೆನ್ನಯ್ಯ ಉಸಿರು ಬಿಟ್ಟ. ‘ಹ’ ಬರಲಿಲ್ಲ, ರಾಗಿರೊಟ್ಟಿಯ ತೇಗು ಬಂತು. ಪುಟ್ಟರಾಜು ಪಟ್ಟು ಬಿಡಲಿಲ್ಲ. ಕೊನೆಗೊಮ್ಮೆ “ಐಸ್ ಹಾಕಿ” ಎಂದು ಸ್ಪಷ್ಟವಾಗಿ ಹೊರಬಿದ್ದಾಗ ಶಾಲೆಗೆ ಹೊತ್ತಾಗಿತ್ತು. ಚೆನ್ನಯ್ಯ ಮತ್ತೆ ಬಾಯಿ ತೆರೆಯದೆ ಗಂಟೆ ಹೊಡೆಯಲು ಓಡಿದ.

ಐಸ್ ಹಾಕಿ ಎಂದರೆ ಎಂಥ ಆಟವೆಂದು ಪುಟ್ಟರಾಜುವಿಗೆ ಗೊತ್ತಿತ್ತು. ಹಾಸನದ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ತೋರಿಸುವ ನ್ಯೂಸ್‌ರೀಲಿನಲ್ಲಿ ನೋಡಿದ್ದ. ಹೆಪ್ಪುಗಟ್ಟಿದ ಕೆರೆಯ ಮೇಲೆ ದಪ್ಪ ಅಂಗಿಯ ಬಿಳಿಯರು ಜಾರಿಕೊಂಡು ಹೋಗುತ್ತ, ಚೆಂಡಿನ ಬದಲು ಒಂದು ಕರೀ ಬಿಲ್ಲೆಯನ್ನು ಕೋಲಿನಿಂದ ತಳ್ಳುತ್ತಿದ್ದರು. ಹೇಮಾವತಿ ಯಾವ ಕಾಲಕ್ಕೂ ಹೆಪ್ಪುಗಟ್ಟುವ ಹೊಳೆಯಲ್ಲ. ಆದರೆ ಖಾಯಂ ಮಾಡುವವರು ಕೇಳಿದ್ದನ್ನು ಇಲ್ಲ ಎನ್ನುವುದು ಹೇಗೆ?

ಶಾಲೆಯ ಎದುರುಮನೆಯ ಪುಟ್ಟತಾಯಮ್ಮ ಬೇಲಿಯಾಚೆಯಿಂದಲೇ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡರು.

“ಜಾರ್ಬೇಕು ತಾನೆ? ಅದ್ಕ್ಯಾಕಪ್ಪ ಐಸು? ಅಬ್ಬದ ದಿನ ನಮ್ಮ ಬಚ್ಚಲಿಗೆ ಬಂದು ನೋಡು,” ಎಂದು ಒಂದು ಬಿಂದಿಗೆ ಹರಳೆಣ್ಣೆ, ಒಂದು ಬೋಗುಣಿ ಕಲಸಿದ ಸೀಗೆಪುಡಿ ಕೊಟ್ಟರು. ಹೋದ ದೀಪಾವಳಿಗೆ ಆ ಬಚ್ಚಲಲ್ಲಿ ಬಿದ್ದ ಯಜಮಾನರು ಇನ್ನೂ ಕೋಲು ಹಿಡಿದೇ ನಡೆಯುತ್ತಾರೆಂದು ಅಭಿಮಾನದಿಂದ ಹೇಳಿದರು.

ಪುಟ್ಟರಾಜು ಹುಡುಗರನ್ನು ಕಟ್ಟಿಕೊಂಡು ಶಾಲೆಯ ಹಜಾರದ ಗಾರೆನೆಲಕ್ಕೆಲ್ಲ ಎಣ್ಣೆ ಬಳಿಸಿದ. ಮೇಲೆ ಸೀಗೆ ಚಿಮುಕಿಸಿದ. ಬಿಲ್ಲೆಯ ಬದಲು ಒಂದು ಕೊಬ್ಬರಿ ಗಿಟುಕನ್ನು ಬೋರಲಾಗಿ ಇಟ್ಟ.

ಅವನ ಹಾಕಿ ತಂಡಕ್ಕೆ ಒಂದು ಹಳೆಯ ರೋಗವಿತ್ತು. ಚೆಂಡು ಸಿಕ್ಕವನು ಅದನ್ನು ಪ್ರಾಣ ಹೋದರೂ ಇನ್ನೊಬ್ಬನಿಗೆ ಕೊಡುತ್ತಿರಲಿಲ್ಲ. ಪ್ರತಿ ವರ್ಷ ಚನ್ನರಾಯಪಟ್ಟಣದವರ ಕೈಲಿ ಸೋಲುತ್ತಿದ್ದದ್ದು ಇದರಿಂದಲೇ. ಬೈದು, ಬೇಡಿ, ಬಿಸಿಲಲ್ಲಿ ನಿಲ್ಲಿಸಿ ಅವನಿಗೆ ಸಾಕಾಗಿತ್ತು.

ಎಣ್ಣೆಯ ಮೇಲೆ ಮೊದಲ ಹುಡುಗ ಓಡಿದ, ಕೂತ. ಎರಡನೆಯವನು ಅವನ ಮೇಲೆ ಕೂತ. ಮಂಡಿ ಬಗ್ಗಿಸಿ, ಕೋಲು ನೆಲಕ್ಕಿಡಿ, ತಲೆ ಎತ್ತಿ ಎಂದು ಪುಟ್ಟರಾಜು ಅ ಆ ಇ ಈ ಇಂದ ಶುರುಮಾಡಿದ. ಒಂಟಿಯಾಗಿ ನಿಲ್ಲಲಾರದೆ ಹುಡುಗರು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡರು. ಗಿಟುಕಿನ ಹಿಂದೆ ಓಡುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಪಕ್ಕದವನಿಗೆ ತಳ್ಳಿದರು. ಅವನು ಮುಂದಿನವನಿಗೆ ತಳ್ಳಿದ. ಮಧ್ಯಾಹ್ನದ ಹೊತ್ತಿಗೆ ಗಿಟುಕು ಮದುವೆಮನೆಯ ತಾಂಬೂಲದ ತಟ್ಟೆಯ ಹಾಗೆ ಹಜಾರದ ತುಂಬ ಎಲ್ಲರ ಮುಂದೂ ಹಾದುಹೋಗುತ್ತಿತ್ತು. ಪುಟ್ಟರಾಜುವಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

ಜೀಪು ಬಂತು. ಬಿಸಿಲಲ್ಲಿ ಬೆಂದು, ಗಂಟಲು ಒಣಗಿಸಿಕೊಂಡು ಬಂದಿದ್ದ ಇನ್ಸ್‌ಪೆಕ್ಟರು ನೆರಳು ಕಂಡದ್ದೇ ಹಜಾರದೊಳಗೆ ಕಾಲಿಟ್ಟರು. ಇಟ್ಟ ಕಾಲು ಅಲ್ಲಿ ನಿಲ್ಲಲಿಲ್ಲ. ಕೋಟು ಟೋಪಿ ಸಮೇತ ಹಜಾರದ ಉದ್ದಕ್ಕೂ ಸಾಗಿ, ಗೋಲಿಗೆಂದು ಇಟ್ಟಿದ್ದ ಎರಡು ಬೆಂಚುಗಳ ನಡುವೆ ಸರಿಯಾಗಿ ಹೊಕ್ಕರು. ಹುಡುಗರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

“ಸೊಂಟ,” ಎಂದಷ್ಟೇ ಅಂದರು ಇನ್ಸ್‌ಪೆಕ್ಟರು.

ಹೆಡ್‌ಮಾಸ್ಟರು ಜಾಣತನದಿಂದ ಬಾಗಿಲಲ್ಲೇ ನಿಂತರು. “ಐಸ್ ತನ್ರಿ ಪುಟ್ಟರಾಜು. ಶರಬತ್ತು ಆಮೇಲಾಗ್ಲಿ, ಮೊದ್ಲು ಸಾಹೇಬರ ಸೊಂಟಕ್ಕಿಡಿ.”

“ಯಾವ ಐಸು ಸಾರ್?”

“ಬಂದ ತಕ್ಷಣ ಐಸ್ ಹಾಕಿ ಶರಬತ್ತು ಕೊಡ್ಬೇಕು ಅಂತ ಚೆನ್ನಯ್ಯನ ಹತ್ರ ಹೇಳಿ ಕಳಿಸಿರ್ಲಿಲ್ವೇ?”

ಪುಟ್ಟರಾಜು ಚೆನ್ನಯ್ಯನ ಕಡೆ ತಿರುಗಿದ. ಅಷ್ಟುದ್ದ ಹೇಳಲು ನೀವು ನನ್ನಲ್ಲಿ ಉಸಿರು ಎಲ್ಲಿ ಉಳಿಸಿದಿರಿ ಎಂದು ಚೆನ್ನಯ್ಯ ಕೇಳಿದ.

ಹುಡುಗರು ಸಾಲಾಗಿ ನಿಂತು, ಸಾಹೇಬರನ್ನು ಗಿಟುಕಿನ ಹಾಗೆಯೇ ಒಬ್ಬರಿಂದೊಬ್ಬರಿಗೆ ದಾಟಿಸಿ ಜೀಪಿಗೆ ಮುಟ್ಟಿಸಿದರು. ಇನ್ಸ್‌ಪೆಕ್ಟರು ನ್ಯಾಯವಂತರು. ಎಣ್ಣೆಯ ಮೇಲಿನ ಆಟದ ಕಥೆಯನ್ನೆಲ್ಲ ಕೇಳಿ, ನೋವಿನಲ್ಲೂ ಮೆಚ್ಚಿಕೊಂಡರು.

“ಇಂಥ ಹೊಂದಾಣಿಕೆ ನಾನೆಲ್ಲೂ ನೋಡಿಲ್ಲ ಮೇಷ್ಟ್ರೇ. ಖಾಯಂ ಮಾಡೋಕೆ ನನ್ನದೇನೂ ಅಡ್ಡಿಯಿಲ್ಲ. ಆದ್ರೆ ಇಲಾಖೇಲಿ ಐಸ್ ಹಾಕಿ ಮೇಷ್ಟ್ರು ಅನ್ನೋ ಹುದ್ದೇನೇ ಇಲ್ವಲ್ಲ.”

ಪ್ರೇಮಕುಮಾರಿ, ಅವಳ ತಂದೆ, ಅರಕಲಗೂಡಿನ ಛತ್ರ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಪುಟ್ಟರಾಜುವಿನ ನಾಲಿಗೆ ಒಂದೇ ಓಟಕ್ಕೆ ಬಾಗೂರು ಸೇರಿತು.

“ಐಸು ಪೈಸು ಏನಿಲ್ಲ ಸಾ. ನಾನು ಬರೀ ಆಕಿ…”

“ಆಕಿ ಅಲ್ಲ ಮೇಷ್ಟ್ರೇ, ಹಾಕಿ,” ಎಂದರು ಇನ್ಸ್‌ಪೆಕ್ಟರು, ಸೊಂಟ ಹಿಡಿದುಕೊಂಡು. “ಹೊಟ್ಟೆಯಿಂದ ಉಸಿರು ಬಿಡಿ.”

ಪುಟ್ಟರಾಜು ಉಸಿರು ಬಿಟ್ಟ. ‘ಹ’ ಸರಿಯಾಗಿ ಹೊರಬರುವ ಹೊತ್ತಿಗೆ ಜೀಪು ಹಾಸನದ ರಸ್ತೆ ಹಿಡಿದಿತ್ತು.