ಸಂಜೆಯವರೆಗೆ ಅಲ್ಲಾಡದಿರಬೇಕೆಂದು ನನ್ನ ಎರಡು ಕಾಲುಗಳಿಗೆ ಬಿನ್ನಹ

ಮಾನ್ಯ ಬಲಗಾಲಿನವರೇ, ಹಾಗೂ ಅವರು ಎತ್ತ ಹೊರಟರೂ ಹಿಂದೆಯೇ ಹೊರಡುವ ಮಾನ್ಯ ಎಡಗಾಲಿನವರೇ,

ನಿನ್ನೆ ನಾನು ಹೇಳುತ್ತಿದ್ದುದೂ ಅದನ್ನೇ, ಆದರೆ ಮಾತು ಮುಗಿಯುವ ಮೊದಲೇ ತಾವು ಎದ್ದು ಅಡುಗೆಮನೆಯ ಕಡೆ ನಡೆದುಬಿಟ್ಟಿರಿ, ತಮ್ಮ ಮೇಲೆಯೇ ನಿಂತಿರುವವನಾದ್ದರಿಂದ ನಾನೂ ಬರಬೇಕಾಯಿತು. ಉಳಿದದ್ದನ್ನು ಬರಹದಲ್ಲಿ ಸಲ್ಲಿಸುತ್ತಿದ್ದೇನೆ. ತಮ್ಮ ಹತ್ತೂ ಬೆರಳುಗಳು ಕ್ಷೇಮವೆಂದು ನಂಬಿದ್ದೇನೆ. ಹಿಮ್ಮಡಿಯವರ ಬಿರುಕು ಕೂಡುತ್ತಿರುವುದನ್ನು ಕಂಡು ಸಂತೋಷವಾಯಿತು. ಕಾಲೇಜಿನಲ್ಲಿ ನಮಗೆ ಇಂಥ ಪತ್ರವನ್ನು ‘ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್, ಐ ಬೆಗ್ ಟು’ ಎಂದು ಶುರುಮಾಡಲು ಕಲಿಸಿದ್ದರು. ಏನನ್ನು ಬೆಗ್ ಮಾಡಬೇಕು ಎಂಬುದು ಮರೆತಿದೆ, ಬೇಡುವ ಭಂಗಿ ಮಾತ್ರ ನೆನಪಿದೆ.

ವಿಷಯ ತಮಗೆ ಗೊತ್ತಿರುವುದೇ. ಮೊಮ್ಮಗಳು ಚಿತ್ರಕಲೆಯ ಶಾಲೆಗೆ ಸೇರಬೇಕು, ಅದಕ್ಕೆ ಕುಳಿತಿರುವ ಒಬ್ಬ ಮನುಷ್ಯನನ್ನು ಎದುರಿಗಿಟ್ಟುಕೊಂಡು ಇದ್ದಿಲಿನಲ್ಲಿ ಬರೆದ ಚಿತ್ರವೊಂದನ್ನು ನಾಳೆ ಬೆಳಗ್ಗೆ ಒಪ್ಪಿಸಬೇಕು. ಅವಳಮ್ಮನಿಗೆ, ಅಂದರೆ ನನ್ನ ಮಗಳಿಗೆ, ಕೂರಲು ಪುರುಸೊತ್ತಿಲ್ಲ. ಪುರುಸೊತ್ತಿರುವ ನನಗೆ ಕೂರಲು ತಮ್ಮ ಅಪ್ಪಣೆಯಿಲ್ಲ. ನಿನ್ನೆ ಇಡೀ ಮಧ್ಯಾಹ್ನ ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ “ತಾತಾ, ನಿಂಗೆ ಐದು ಕಾಲು ಬಂದಿದೆ, ಇದನ್ನ ಕೊಟ್ರೆ ಜೇಡ ಅಂದ್ಕೋತಾರೆ” ಎಂದು ನಕ್ಕಳು. ನಗು ಮುಗಿದ ಮೇಲೆ ಗೋಡೆಯ ಕಡೆ ತಿರುಗಿ ಕೂತಳು. ಅಳಿಸಿ ಅಳಿಸಿ ಕಾಗದ ಹರಿದಿತ್ತು. ಈಗ ಉಳಿದಿರುವುದು ಒಂದೇ ಒಳ್ಳೆಯ ಹಾಳೆ.

ಮಗಳೊಂದು ಉಪಾಯ ಕಂಡುಹಿಡಿದಿದ್ದಾಳೆ. ಮೊನ್ನೆ ಲಿಫ್ಟಿನ ಕಂಪನಿಗೆ ನಾನು ದೂರು ಬರೆಯುತ್ತ ಕೂತಿದ್ದಾಗ ತಾವಿಬ್ಬರೂ ಉಸಿರೆತ್ತಲಿಲ್ಲವಂತೆ. “ಅಪ್ಪಾ, ನಿಂಗೆ ಯಾರ ಮೇಲಾದ್ರೂ ಕೋಪ ಬಂದಾಗ ಕಾಲು ತೆಪ್ಪಗಿರುತ್ತೆ. ಬರೀತಾ ಕೂತ್ಕೋ, ಹಾಗೇ ಚಿತ್ರ ಬರ್ದುಬಿಡ್ತಾಳೆ” ಎಂದಳು. ಉಪಾಯ ಒಳ್ಳೆಯದೇ, ಆದರೆ ನೀರಿನ ಕಚೇರಿ, ಅಂಚೆಯವರು, ಮೇಲಿನ ಮನೆಯವರ ನಾಯಿ, ಎಲ್ಲರಿಗೂ ಬರೆದಾಗಿದೆ. ಇಷ್ಟು ವರ್ಷ ಜೊತೆಗಿದ್ದೂ ನನ್ನಿಂದ ಒಂದು ದೂರು ಕಾಣದೆ ಉಳಿದವರು ತಾವೇ. ಹಾಗಾಗಿ ಕಿಟಕಿಯ ಪಕ್ಕ, ತೊಡೆಯ ಮೇಲೆ ಹಲಗೆಯಿಟ್ಟುಕೊಂಡು, ತಮ್ಮ ಮೇಲಿನ ದೂರನ್ನು ತಮ್ಮ ಮೇಲೆಯೇ ಇಟ್ಟು ಬರೆಯುತ್ತಿದ್ದೇನೆ.

ತಮ್ಮ ಕಾರ್ಯದಕ್ಷತೆಯನ್ನು ಹೊಗಳದೆ ಮುಂದೆ ಹೋಗಲಾರೆ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನು ನಾನು, ಹೊರಡುವ ವೇಳೆ ಬರೆಯದೆ ಒಂದು ಗಾಡಿಯನ್ನೂ ಗೇಟು ದಾಟಿಸಿದವನಲ್ಲ. ಅಂಥವನ ಕೆಳಗೆ ಕೆಲಸ ಮಾಡಿಯೂ ತಾವು ವೇಳೆ ಹೇಳದೆ ಹೊರಡುವುದನ್ನು ರೂಢಿಸಿಕೊಂಡಿರುವುದು ಸಾಮಾನ್ಯ ಸಾಧನೆಯಲ್ಲ. ದಿನವಿಡೀ ನಡೆದಾಡುವಾಗ ಸಜ್ಜನರಂತಿದ್ದು, ಹೊತ್ತು ಇಳಿದು ನಾನು ಕುರ್ಚಿಗೆ ಬೆನ್ನು ಕೊಟ್ಟೊಡನೆ ಮೀನಖಂಡದೊಳಗೆ ಯಾರೋ ಸೋಡಾ ಬಾಟಲಿ ಕುಲುಕಿ ಮುಚ್ಚಳ ತೆಗೆದಂತೆ ಮಾಡುತ್ತೀರಿ. ನೋವೇ ಎಂದರೆ ನೋವಲ್ಲ, ತುರಿಕೆಯೂ ಅಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾಯ, ಕೂತರೆ ಹಾಜರು. ನನ್ನಾಕೆ ಇದ್ದಾಗ “ನಿಮ್ಮ ಕಾಲಿಗೆ ಬೇರೆಲ್ಲೋ ಇನ್ನೊಂದು ಸಂಸಾರ ಇದೆ ಕಣ್ರೀ, ಸಂಜೆ ಆದ್ರೆ ಅಲ್ಲಿಗೆ ಹೊರಡ್ತಾವೆ” ಎನ್ನುತ್ತ ತನ್ನ ಕಾಲನ್ನು ತಮ್ಮ ಮೇಲೆ ಭಾರವಾಗಿ ಹಾಕುತ್ತಿದ್ದಳು. ಆ ಭಾರಕ್ಕೆ ತಾವು ತೋರಿಸುತ್ತಿದ್ದ ಮರ್ಯಾದೆಯ ಕಾಲುಭಾಗವನ್ನು ನನಗೆ ತೋರಿಸಿದ್ದರೂ ಈ ಪತ್ರ ಬೇಕಿರಲಿಲ್ಲ.

ತಮ್ಮಿಬ್ಬರನ್ನೇ ದೂರುವುದು ನ್ಯಾಯವಲ್ಲವೆಂದೂ ಬಲ್ಲೆ. ಕತ್ತಿನಲ್ಲಿ ವಾಸವಾಗಿರುವ ಥೈರಾಯ್ಡ್ ಗ್ರಂಥಿಯವರು ದುಡಿಮೆ ಬಿಟ್ಟು ಬಹಳ ಕಾಲವಾಯಿತು. ಒಂದೇ ಸಂಸ್ಥೆಯಲ್ಲಿ ಮೇಲಿನ ವಿಭಾಗ ಗೊರಕೆ ಹೊಡೆಯುತ್ತದೆ, ಕೆಳಗಿನ ವಿಭಾಗ ಓವರ್‌ಟೈಮ್ ಮಾಡುತ್ತದೆ. ನಡುವೆ ಸಿಕ್ಕಿಕೊಂಡ ನಾನು ಸುಸ್ತಾಗಿ ಮಲಗಬೇಕೋ, ಸುಸ್ತಾಗಿಯೇ ಓಡಾಡಬೇಕೋ ತಿಳಿಯದೆ ಬಾಗಿಲ ಹತ್ತಿರ ನಿಂತಿರುತ್ತೇನೆ. ಡಾಕ್ಟರಮ್ಮ ಕತ್ತಿನವರಿಗೊಂದು ಮಾತ್ರೆ ಕೊಟ್ಟರು, ರಕ್ತದಲ್ಲಿ ಕಬ್ಬಿಣ ಕಮ್ಮಿಯಾದ್ದರಿಂದಲೇ ತಾವು ಕುಣಿಯುವುದೆಂದು ತಮಗೊಂದು ಕೊಟ್ಟರು. ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಎಂದು ಅವರು ಹೇಳಿದ್ದುಂಟು. ಒಂದೇ ಊರಿಗೆ ಎರಡು ಖಾಲಿ ಬಸ್ಸು ಯಾಕೆಂದು ನಾನು ಡಿಪೋ ಬುದ್ಧಿ ಓಡಿಸಿ ಎರಡನ್ನೂ ಬೆಳಗ್ಗೆ ಒಂದೇ ಗುಟುಕಿಗೆ ಸಾಗಿಸಿದೆ. ತಿಂಗಳುಗಟ್ಟಲೆ ಸಾಗಿಸಿದೆ. ರಕ್ತಪರೀಕ್ಷೆಯ ಫಲಿತಾಂಶ ನೋಡಿ ತಲೆ ಕೆರೆದುಕೊಂಡ ಡಾಕ್ಟರಮ್ಮನಿಗೆ “ನೀರು ಉಳಿಯುತ್ತಲ್ಲ ಡಾಕ್ಟ್ರೇ” ಎಂದು ಹೆಮ್ಮೆಯಿಂದ ವಿವರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಯಜಮಾನ್ರೇ, ಎರಡೂ ಒಂದನ್ನೊಂದು ಹಿಡ್ಕೊಂಡು ಹೊಟ್ಟೇಲೇ ನಿಂತುಬಿಡ್ತಾವೆ, ರಕ್ತಕ್ಕೆ ಸೇರೋದೇ ಇಲ್ಲ. ನಡುವೆ ನಾಲ್ಕು ಗಂಟೆ ಬಿಡಿ ಅಂದಿರ್ಲಿಲ್ವಾ?” ಎಂದರು. ಈಗ ಬಿಡುತ್ತಿದ್ದೇನೆ. ಕಬ್ಬಿಣ ತುಂಬಲು ತಿಂಗಳುಗಳು ಬೇಕಂತೆ. ಚಿತ್ರದ ಶಾಲೆಯ ಗಡುವು ನಾಳೆಗೆ ಮುಗಿಯುತ್ತದೆ.

ಆದಕಾರಣ ಪ್ರಾರ್ಥನೆ. ತಾವಿಬ್ಬರೂ ಬೇಕಾದರೆ ನನ್ನನ್ನು ಇಲ್ಲೇ ಬಿಟ್ಟು ತಾವಷ್ಟೇ ಹೋಗಿ ಊರು ಸುತ್ತಿಕೊಂಡು ಬರಬಹುದು, ಚಪ್ಪಲಿ ಬಾಗಿಲಲ್ಲೇ ಇದೆ. ಅದಾಗದಿದ್ದರೆ ಸರದಿಯ ಮೇಲೆ ಕುಣಿಯಿರಿ, ಒಬ್ಬರು ಕುಣಿಯುವಾಗ ಇನ್ನೊಬ್ಬರ ಚಿತ್ರ ಬರೆಸೋಣ. ಅದೂ ಆಗದಿದ್ದರೆ ತಮ್ಮ ಹುರುಪಿನಲ್ಲಿ ಒಂದು ಚಿಟಿಕೆಯನ್ನು ಕತ್ತಿನವರಿಗೆ ಕಳಿಸಿಕೊಡಿ, ಅವರ ನಿದ್ದೆಯಲ್ಲಿ ಒಂದು ಚಿಟಿಕೆ ತಾವು ತೆಗೆದುಕೊಳ್ಳಿ. ಸಾಗಣೆಯ ವ್ಯವಸ್ಥೆ ನನಗೆ ಬಿಡಬೇಡಿ, ನನ್ನ ಸಾಗಣೆಯ ಗತಿ ಮೇಲೆ ಹೇಳಿದ್ದೇನೆ. ಈ ಹುಡುಗಿ ನಾಲಿಗೆ ಕಚ್ಚಿಕೊಂಡು ನೋಡುವುದನ್ನು ತಾವು ನೋಡಬೇಕು. ತಮ್ಮನ್ನು ಇಷ್ಟು ಗಮನವಿಟ್ಟು ಇದುವರೆಗೆ ಚಪ್ಪಲಿ ಅಂಗಡಿಯವನೂ ನೋಡಿಲ್ಲ.

“ತಾತಾ, ನಿಲ್ಲಿಸ್ಬೇಡ, ಬೈತಾ ಇರು, ಪಾದ ಬಾಕಿ ಇದೆ” ಎನ್ನುತ್ತಿದ್ದಾಳೆ. ಬೈಗುಳ ಮುಗಿದಿದೆ. ಬಲಗಾಲಿನವರೇ, ಸೋಡಾ ಏರುತ್ತಿರುವುದು ನನಗೆ ಗೊತ್ತಾಗುತ್ತಿದೆ, ದಯವಿಟ್ಟು. ಕೂಸಾಗಿದ್ದಾಗ ಇವಳನ್ನು ಪಾದದ ಮೇಲೆ ಕೂರಿಸಿಕೊಂಡು ತೂಗಿದವರು ತಾವು, ಆಗ ತಾವು ಅಲ್ಲಾಡಿದ್ದಕ್ಕೇ ಅವಳು ನಕ್ಕದ್ದು. ಇವತ್ತು ಅಲ್ಲಾಡದೆ ನಗಿಸಿ. ಹೆಬ್ಬೆರಳಾಯಿತು ಎನ್ನುತ್ತಾಳೆ. ಉಗುರು ಎನ್ನುತ್ತಾಳೆ. ಎಡಗಾಲಿನವರೇ, ಅವರ ಮಾತು ಕೇಳಬೇಡಿ, ಇನ್ನೊಂದು ಸಾಲು, ಇದೊಂದೇ ಸಾಲು.

ಇದ್ದಿಲ ಕಡ್ಡಿ ಕೆಳಗಿಟ್ಟಳು. ದೂರ ಹೋಗಿ ನಿಂತು ನೋಡುತ್ತಿದ್ದಾಳೆ. “ಎರಡೇ ಇದೆ ತಾತಾ!” ಎಂದು ಕೂಗಿ ಅಮ್ಮನನ್ನು ಕರೆಯಲು ಓಡಿದಳು. ಕಾಗದದ ಮೇಲೆ ಅಕ್ಷರ ಮಸುಕಾಗಿ ಕಾಣುತ್ತಿದೆ. ಕಿಟಕಿಯ ಬೆಳಕು ಇಳಿಯುತ್ತಿದೆ. ತಾವಿನ್ನು ಹೊರಡಬಹುದು, ನಾನೂ ಬರುತ್ತೇನೆ.

ತಮ್ಮ ಮೇಲೆಯೇ ನಿಂತಿರುವ,
ತಮ್ಮ ವಿಶ್ವಾಸಿ,
ಮೇಲಿನವನು

ತಾ.ಕ.: ಚಿತ್ರ ನೋಡಿ ಬಂದೆ. ಕುರ್ಚಿಯ ಕಾಲುಗಳು ತಮಗಿಂತ ಚೆನ್ನಾಗಿ ಬಂದಿವೆ. ಅವರು ನಾಲ್ಕು ಜನ ಇದ್ದಾರೆ, ನನ್ನ ಜೊತೆ ತಮ್ಮನ್ನೂ ಹೊರುತ್ತಾರೆ, ಒಂದು ದಿನವೂ ಅಲ್ಲಾಡಿದವರಲ್ಲ. ಇದರ ಒಂದು ಪ್ರತಿಯನ್ನು ಥೈರಾಯ್ಡಿನವರಿಗೂ ಕಳಿಸಲಾಗಿದೆ. ಎಚ್ಚರವಾದಾಗ ಓದಿಕೊಳ್ಳಲಿ, ಅವಸರವಿಲ್ಲ.